ಬೆನ್ನುಹುರಿಯ ಧಮನಿಗಳು: ಒಂದು ಚಿಕಿತ್ಸೆಯ ಚರಿತ್ರೆ

1848ರ ಮೇ ತಿಂಗಳಲ್ಲಿ ಒಂದು ದಿನ ಜರ್ಮನ್ ಕವಿ ಹೈನ್ರಿಕ್ ಹೈನೆ ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೆಜ್ಜೆಯ ಮೇಲೆ ಹೆಜ್ಜೆ ಎಳೆದುಕೊಂಡು ಹೋದ. ತೋಳುಗಳಿಲ್ಲದ ವೀನಸ್ ದೇವಿಯ ವಿಗ್ರಹದ ಮುಂದೆ ಕುಸಿದು ಅತ್ತೆನೆಂದು ಅವನೇ ಬರೆದುಕೊಂಡಿದ್ದಾನೆ. ಆಮೇಲೆ ಅವನು ತನ್ನ ಕಾಲಿನ ಮೇಲೆ ಮನೆಯಿಂದ ಹೊರಟದ್ದಿಲ್ಲ. 1856ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಎಂಟು ವರ್ಷ, ಹಾಸಿಗೆಯನ್ನೇ ಹಿಡಿದು ಮಲಗಿದ್ದ. ಆ ಶಯ್ಯೆಗೆ ‘ಹಾಸಿಗೆಯ ಗೋರಿ’ ಎಂದು ಹೆಸರಿಟ್ಟ. ‘ರೊಮಾನ್ಸೆರೊ’ ಎಂಬ ಕವನ ಸಂಗ್ರಹ 1851ರಲ್ಲಿ ಹೊರಬಂದದ್ದು ಈ ಗೋರಿಯಿಂದಲೇ. ವೈದ್ಯರು ಅವನಿಗೆ ಮಾಡಬಲ್ಲವರಾಗಿದ್ದುದು ಇಷ್ಟೇ: ಮೈಮೇಲೆ ಒಂದು ಗಾಯ ಮಾಡಿ, ಅದು ಮಾಯದಂತೆ ತೆರೆದೇ ಇಟ್ಟು, ಅದರೊಳಗೆ ಮಾರ್ಫಿನ್ ಪುಡಿಯನ್ನು ಉದುರಿಸುವುದು. ನೋವು ಕೊಂಚ ಹೊತ್ತು ತಗ್ಗುತ್ತಿತ್ತು. ಕಾಲುಗಳು ಮಾತ್ರ ಹಿಂದಿರುಗಲಿಲ್ಲ.

ಹೈನೆಗೆ ಆದದ್ದೇನು? ಬೆನ್ನುಹುರಿಯ ರೋಗವೆಂದು ಅವನ ಕಾಲದವರು ತಿಳಿದಿದ್ದರು. ಸಿಫಿಲಿಸ್ ಎಂದು ಬಹುಕಾಲ ಹೇಳಿಕೊಂಡು ಬಂದರು. ಅವನಿಗೂ ಅದೇ ಅನುಮಾನವಿತ್ತು. ಕ್ಷಯವು ಮೆದುಳು ಬೆನ್ನುಹುರಿಗಳ ಪೊರೆಗೆ ತಗುಲಿತ್ತೆಂದು ಈಚಿನ ಕೆಲವು ವೈದ್ಯರ ವಾದ. ಅವನ ಕೂದಲಿನಲ್ಲಿ ಸೀಸ ಸಿಕ್ಕಿತೆಂದು ಇನ್ನು ಕೆಲವರು. ನಾನು ವೈದ್ಯನಲ್ಲ, ಇತಿಹಾಸ ಓದಿದವನು. ಆ ವಾದದಲ್ಲಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ‘ಯಾವುದರಿಂದ?’ ಎಂಬ ಆ ಒಂದು ಪ್ರಶ್ನೆಯ ಬೆಲೆ ಏನೆಂಬುದು ಕೆಲವು ವರ್ಷಗಳ ಹಿಂದೆ ನನ್ನ ಮನೆಯಲ್ಲೇ ತಿಳಿಯಿತು.

ನನ್ನ ಭಾವನವರು, ಅಂದರೆ ಅಕ್ಕನ ಯಜಮಾನರು, ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಹೋದರು. ರಾತ್ರಿ ಸೊಂಟದ ಸುತ್ತ ಪಟ್ಟಿ ಬಿಗಿದಂತೆ ನೋವು. ಬೆಳಗಾಗುವುದರೊಳಗೆ ಎರಡೂ ಕಾಲುಗಳು ತಮ್ಮವಲ್ಲವೆಂಬಂತೆ ಬಿದ್ದಿದ್ದವು. ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ವೈದ್ಯರೊಬ್ಬರು ಭಾವನವರಿಗೆ ಕಣ್ಣು ಮುಚ್ಚಲು ಹೇಳಿ, ಕಾಲಿನ ಹೆಬ್ಬೆರಳನ್ನು ಹಿಡಿದು ಆಡಿಸಿ, “ಈಗ ಬೆರಳು ಮೇಲಕ್ಕಿದೆಯೊ, ಕೆಳಕ್ಕಿದೆಯೊ?” ಎಂದು ಕೇಳಿದರು. ಭಾವ ಸರಿಯಾಗಿ ಹೇಳಿದರು. ಅದೇ ಬೆರಳನ್ನು ಅಲ್ಲಾಡಿಸಿ ಎಂದರೆ ಆಗಲಿಲ್ಲ. ಸೂಜಿ ಚುಚ್ಚಿದರೆ ನೋವಿಲ್ಲ. ವೈದ್ಯರು ನಮ್ಮ ಕಡೆ ತಿರುಗಿ, ಬೆನ್ನುಹುರಿಯ ಮುಂಭಾಗದ ರಕ್ತನಾಳಕ್ಕೆ ಉರಿಯೂತ ಬಂದಿರಬಹುದು ಎಂದರು. ಸ್ಟೀರಾಯ್ಡ್ ಎಂಬ ಮದ್ದಿನ ಹೆಸರು ಅಕ್ಕನಿಗೂ ಗೊತ್ತಿತ್ತು. “ಹಾಗಾದರೆ ಈಗಲೇ ಕೊಟ್ಟುಬಿಡಿ ಡಾಕ್ಟರೇ, ಏಕೆ ಕಾಯುತ್ತೀರಿ?” ಎಂದಳು. “ಸಂಜೆಯವರೆಗೆ ತಾಳಿ ಅಮ್ಮ. ಮೊದಲು ಬೆನ್ನಿನ ನೀರು ತೆಗೆದು ನೋಡಬೇಕು” ಎಂದರು ಆತ.

ಆ ಹಗಲು ನಮಗೆ ಬಹು ಉದ್ದವಾಯಿತು. ಗಂಟೆ ಗಂಟೆಗೂ ಹುರಿ ಸಾಯುತ್ತಿರುವಾಗ ಕಾಯುವುದೆಂದರೇನು ಎಂದು ನಾನೂ ಒಳಗೊಳಗೇ ಸಿಟ್ಟಾಗಿದ್ದೆ. ಆ ಕಾಯುವಿಕೆಯ ಹಿಂದೆ ನೂರೈವತ್ತು ವರ್ಷಗಳ ವೃತ್ತಾಂತವಿದೆಯೆಂದು ಆಮೇಲೆ ಓದಿ ತಿಳಿದೆ. ಅದನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ಸ್ಥಳದ ಪರಿಚಯ. ನಮ್ಮ ಬೆನ್ನುಹುರಿ ಸುಮಾರು ಒಂದು ಮೊಳ ಉದ್ದ, ಕಿರುಬೆರಳಿನಷ್ಟು ದಪ್ಪ. ಅದಕ್ಕೆ ರಕ್ತ ಉಣಿಸುವುದಕ್ಕೆ ಹಿಂಬದಿಯಲ್ಲಿ ಎರಡು ಧಮನಿಗಳಿವೆ. ಮುಂಬದಿಯಲ್ಲಿ, ಉದ್ದಕ್ಕೂ, ಒಂದೇ ಒಂದು. ಬಹುಪಾಲು ಕಡೆ ಅದರ ಅಗಲ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಆದರೂ ಹುರಿಯ ಸುಮಾರು ಮೂರರಲ್ಲೆರಡು ಪಾಲು ಆ ಒಂದೇ ನಾಲೆಯ ನೀರು ಕುಡಿದು ಬದುಕುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಪಕ್ಕದಿಂದ ಕಿರುಗಾಲುವೆಗಳು ಬಂದು ಅದನ್ನು ಸೇರುತ್ತವೆ. ಅವುಗಳಲ್ಲಿ ದೊಡ್ಡದು ಬೆನ್ನಿನ ಕೆಳಭಾಗದಲ್ಲಿ, ಸಾಮಾನ್ಯವಾಗಿ ಎಡಗಡೆಯಿಂದ, ಬರುತ್ತದೆ. ಉರಿಯೂತವೆಂದರೆ ಧಮನಿಯ ಗೋಡೆ ಬಾತುಕೊಳ್ಳುವುದು. ಗೋಡೆ ಬಾತರೆ ಒಳಗಿನ ದಾರಿ ಕಿರಿದಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ತೊಡೆಯ ಧಮನಿಯಂಥ ದೊಡ್ಡ ನಾಳ ಅಷ್ಟಿಷ್ಟು ಬಾವನ್ನು ಸಹಿಸೀತು. ಈ ಎಳೆಯಂಥ ನಾಳಕ್ಕೆ ಆ ಅವಕಾಶವಿಲ್ಲ.

ಈ ನಾಲೆಗಳ ನಕ್ಷೆಯನ್ನು ಬರೆದವನು ಆಲ್ಬರ್ಟ್ ಆಡಮ್‌ಕೀವಿಚ್, ಪೋಲೆಂಡಿನ ಕ್ರಾಕೋವ್ ನಗರದ ಪ್ರಾಧ್ಯಾಪಕ. ಶವಗಳ ರಕ್ತನಾಳಗಳಿಗೆ ಬಣ್ಣ ತುಂಬಿ, ಒಂದೊಂದನ್ನೇ ಹಿಂಬಾಲಿಸಿ, 1881 ಮತ್ತು 1882ರಲ್ಲಿ ಎರಡು ಕಂತುಗಳಾಗಿ ತನ್ನ ಶೋಧವನ್ನು ಪ್ರಕಟಿಸಿದ. ಆ ದೊಡ್ಡ ಕಾಲುವೆಗೆ ಇಂದಿಗೂ ಅವನದೇ ಹೆಸರು. ಆದರೆ ಬದುಕಿದ್ದಾಗ ಅವನಿಗೆ ದಕ್ಕಿದ ಕೀರ್ತಿ ಬೇರೆ ಬಗೆಯದು. ಕ್ಯಾನ್ಸರಿಗೆ ಕಾರಣವಾದ ಪರೋಪಜೀವಿಯನ್ನು ಕಂಡುಹಿಡಿದೆ, ಮದ್ದನ್ನೂ ಕಂಡುಹಿಡಿದೆ ಎಂದು ಸಾರಿದ. ಎರಡೂ ಸುಳ್ಳೆಂದು ತೇಲಿತು; ಕ್ರಾಕೋವ್ ಬಿಟ್ಟು ವಿಯೆನ್ನಾ ಸೇರಬೇಕಾಯಿತು. ತಾಳ್ಮೆಯಿಂದ ನೋಡಿ ಬರೆದದ್ದು ಉಳಿಯಿತು, ಆತುರದಿಂದ ಚಿಕಿತ್ಸೆಯೆಂದು ಕೂಗಿದ್ದು ಹೋಯಿತು.

ನಕ್ಷೆಗೂ ಮುಂಚೆ ರೋಗ ಕಾಣಿಸಿಕೊಂಡಿತ್ತು, ಬೆನ್ನುಹುರಿಯಲ್ಲಲ್ಲ, ಮೈಯ ಬೇರೆ ಕಡೆಗಳಲ್ಲಿ. 1865ರ ಮೇ ತಿಂಗಳಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ಆಸ್ಪತ್ರೆಗೆ ಇಪ್ಪತ್ತೇಳು ವರ್ಷದ ಒಬ್ಬ ಕೂಲಿದರ್ಜಿ ನಡೆದುಕೊಂಡೇ ಬಂದ. ಜ್ವರ, ಬೆರಳುಗಳಲ್ಲಿ ಜೋಮು, ಹೊಟ್ಟೆನೋವು. ದಿನದಿನಕ್ಕೆ ಸ್ನಾಯುಗಳು ಸೋತವು. ಸುಮಾರು ಒಂದು ತಿಂಗಳಿಗೆ ತೀರಿಕೊಂಡ. ಅವನನ್ನು ನೋಡಿಕೊಂಡ ಅಡಾಲ್ಫ್ ಕುಸ್ಮೌಲ್, ಶವವನ್ನು ಪರೀಕ್ಷಿಸಿದ ರುಡಾಲ್ಫ್ ಮೈಯರ್, ಇಬ್ಬರೂ ಸೇರಿ 1866ರಲ್ಲಿ ಬರೆದ ಲೇಖನ ವೈದ್ಯ ಸಾಹಿತ್ಯದಲ್ಲಿ ಹೆಸರಾದದ್ದು. ಧಮನಿಗಳ ಮೇಲೆ ಗಸಗಸೆಯಿಂದ ಬಟಾಣಿಯವರೆಗಿನ ಗಾತ್ರದ ಗಂಟುಗಳು. ಮೊದಲು ಹುಳುವಿನ ಕೆಲಸವೆಂದು ಶಂಕಿಸಿದರು, ಸೂಕ್ಷ್ಮದರ್ಶಕದಲ್ಲಿ ಹುಳುವಿಲ್ಲ. ಶತ್ರು ಯಾರೆಂದೇ ತಿಳಿಯದ ಉರಿಯೂತ! ಆ ದರ್ಜಿಯನ್ನು ಕಂಡ ಕೂಡಲೇ, ರೋಗಕ್ಕೆ ಹೆಸರು ತೋಚುವ ಮುನ್ನವೇ, ಕೊನೆ ಏನೆಂದು ತಮಗೆ ತೋಚಿತ್ತೆಂದು ಕುಸ್ಮೌಲ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಈ ಕುಸ್ಮೌಲ್ ಸಾಹಿತ್ಯಪ್ರಿಯರಿಗೂ ನೆಂಟರು. ಯೌವನದಲ್ಲಿ ಒಬ್ಬ ಹಳ್ಳಿಯ ಮೇಷ್ಟರ ಮುಗ್ಧ ಪದ್ಯಗಳನ್ನು ಕಂಡು ನಕ್ಕು, ಗೆಳೆಯ ಲುಡ್ವಿಗ್ ಐಖ್‌ರೋಟ್ ಜೊತೆಗೂಡಿ ‘ಬೀಡರ್‌ಮೈಯರ್’ ಎಂಬ ಕಲ್ಪಿತ ಕವಿಯನ್ನು ಸೃಷ್ಟಿಸಿದರು. ಅಣಕು ಪದ್ಯಗಳು 1855ರಿಂದ ಮ್ಯೂನಿಕ್ಕಿನ ಹಾಸ್ಯಪತ್ರಿಕೆಯೊಂದರಲ್ಲಿ ಬಂದವು. ಮುಂದೆ ಆ ಹೆಸರೇ ಒಂದು ಕಾಲಘಟ್ಟದ ಪೀಠೋಪಕರಣಕ್ಕೂ ಚಿತ್ರಕಲೆಗೂ ಬದುಕಿನ ರೀತಿಗೂ ಅಂಟಿಕೊಂಡಿತು. ಒಬ್ಬನೇ ಮನುಷ್ಯ ಒಂದು ಯುಗಕ್ಕೂ ಒಂದು ರೋಗಕ್ಕೂ ಹೆಸರು ಕೊಟ್ಟ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಶತ್ರು ಯಾರೆಂದು ಮೊದಲು ತಿಳಿದದ್ದು ಸಿಫಿಲಿಸ್ಸಿನಲ್ಲಿ. ಪೋರ್ಚುಗೀಸರೊಡನೆ ನಮ್ಮ ದೇಶಕ್ಕೆ ಬಂದ ಈ ರೋಗವನ್ನು ಹದಿನಾರನೆಯ ಶತಮಾನದ ‘ಭಾವಪ್ರಕಾಶ’ವು ‘ಫಿರಂಗ ರೋಗ’ವೆಂದು ಕರೆದು, ಪಾದರಸದ ಯೋಗಗಳನ್ನೂ ಚೋಪಚೀನಿ ಬೇರನ್ನೂ ಮದ್ದಾಗಿ ಹೇಳಿದೆ. ಯುರೋಪಿನವರ ಮದ್ದೂ ಪಾದರಸವೇ. 1874ರಲ್ಲಿ ಓಟ್ಟೊ ಹೊಯ್ಬ್ನರ್ ಎಂಬ ವೈದ್ಯ ಸಿಫಿಲಿಸ್ ಮೆದುಳಿನ ಧಮನಿಗಳ ಒಳಪದರವನ್ನು ಹೇಗೆ ದಪ್ಪಗಾಗಿಸಿ ಮುಚ್ಚುತ್ತದೆಂಬುದನ್ನು ವಿವರಿಸಿದ. ಬೆನ್ನುಹುರಿಯ ಸರದಿ ಬಂದದ್ದು 1909ರಲ್ಲಿ. ಅಮೆರಿಕದ ಫಿಲಡೆಲ್ಫಿಯಾ ನಗರದ ವಿಲಿಯಂ ಸ್ಪಿಲ್ಲರ್, ಸಿಫಿಲಿಸ್ಸಿನಿಂದ ಮುಂಬದಿಯ ಧಮನಿ ಕಟ್ಟಿಹೋದ ಒಬ್ಬ ರೋಗಿಯ ವರದಿಯನ್ನು ಪ್ರಕಟಿಸಿದ. ಮುಂಬದಿಯ ನಾಲೆ ಕಟ್ಟಿದರೆ ಚಲನೆ ಹೋಗುತ್ತದೆ, ನೋವಿನ ಮತ್ತು ಬಿಸಿ ತಣುಪಿನ ಅರಿವು ಹೋಗುತ್ತದೆ. ಆದರೆ ಅಂಗ ಎಲ್ಲಿದೆ, ಹೇಗಿದೆ ಎಂಬ ಅರಿವು ಹಿಂಬದಿಯ ಧಮನಿಗಳ ಕೃಪೆಯಿಂದ ಉಳಿಯುತ್ತದೆ. ನಮ್ಮ ಭಾವನವರ ಹೆಬ್ಬೆರಳನ್ನು ಆಡಿಸಿ ಆ ವೈದ್ಯರು ಓದಿದ್ದು ಈ ಪಾಠವನ್ನೇ.

ಇಷ್ಟರಲ್ಲಿ ಒಂದು ಸೂಜಿ ಬಂದಿತ್ತು. 1891ರಲ್ಲಿ ಕೀಲ್ ನಗರದ ಹೈನ್ರಿಕ್ ಕ್ವಿಂಕೆ, ತಲೆಯಲ್ಲಿ ನೀರು ತುಂಬಿ ಒದ್ದಾಡುತ್ತಿದ್ದ ಮಕ್ಕಳ ಕಷ್ಟ ತಗ್ಗಿಸಲು, ಸೊಂಟದ ಬಳಿ ಎರಡು ಕಶೇರುಗಳ ನಡುವೆ ಸೂಜಿ ತೂರಿಸಿ ನೀರು ಹೊರತೆಗೆದ. ಅಲ್ಲಿ ಹುರಿ ಮುಗಿದಿರುತ್ತದೆ, ನರಗಳ ಗೊಂಚಲು ಮಾತ್ರ ಇರುತ್ತದೆ. ಆದ್ದರಿಂದ ಅಪಾಯ ಕಡಿಮೆ. ಉಪಶಮನಕ್ಕೆಂದು ಹುಟ್ಟಿದ ಉಪಾಯ ಬಹುಬೇಗ ಗೂಢಚಾರನಾಯಿತು. ಆ ನೀರಿನಲ್ಲಿ ಎಷ್ಟು ಜೀವಕಣಗಳಿವೆ, ಸಕ್ಕರೆ ಎಷ್ಟು, ಸಸಾರಜನಕ ಎಷ್ಟು ಎಂದು ನೋಡಿದರೆ ಒಳಗೆ ನಡೆಯುತ್ತಿರುವ ಯುದ್ಧದ ಸುಳಿವು ಸಿಗುತ್ತದೆ. 1905ರಲ್ಲಿ ಸಿಫಿಲಿಸ್ಸಿನ ಸುರುಳಿಜೀವಿ ಕಣ್ಣಿಗೆ ಬಿತ್ತು. 1906ರಲ್ಲಿ ವಾಸರ್‌ಮನ್ನನ ರಕ್ತಪರೀಕ್ಷೆ. 1909ರಲ್ಲಿ ಏರ್ಲಿಖ್‌ನ ಪ್ರಯೋಗಶಾಲೆಯಲ್ಲಿ ಜಪಾನಿನ ಸಹಾಚಿರೊ ಹಾಟಾ 606ನೆಯ ಸಂಯುಕ್ತದ ಗುಣವನ್ನು ಕಂಡ. ಮರುವರ್ಷ ಅದು ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. 1943ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಜಾನ್ ಮಹೋನಿ ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಗೆದ್ದಮೇಲೆ ಸಾಲ್ವರ್ಸಾನ್ ಹಿಂದೆ ಸರಿಯಿತು.

ಆದರೆ ಈ ಗೆಲುವಿನೊಳಗೆ ಒಂದು ಮುಳ್ಳಿತ್ತು. ಮದ್ದು ಕೊಟ್ಟ ಮೊದಲ ದಿನವೇ ಕೆಲವರಲ್ಲಿ ಜ್ವರ ಏರಿ ರೋಗ ಕೆರಳುವುದನ್ನು ವೈದ್ಯರು ಕಂಡಿದ್ದರು. ರೋಗಾಣುಗಳು ಒಟ್ಟಿಗೆ ಸಾಯುವಾಗ ದೇಹ ರೊಚ್ಚಿಗೇಳುತ್ತದೆ. ಚರ್ಮದ ಗುಳ್ಳೆ ಕೆರಳಿದರೆ ನಷ್ಟವಿಲ್ಲ. ಬೆನ್ನುಹುರಿಯ ಧಮನಿ ಕೆರಳಿದರೆ? ಹಾನಿ ಮಾಡುವುದು ರೋಗಾಣುವಷ್ಟೇ ಅಲ್ಲ, ಅದರ ಮೇಲೆ ಬೀಳುವ ನಮ್ಮದೇ ಸೈನ್ಯವೂ ಹೌದು ಎಂಬ ಸೂಚನೆ ಇಲ್ಲಿತ್ತು. ಈ ವಿದ್ಯಮಾನಕ್ಕೆ ಯಾರ್ಯಾರ ಹೆಸರಿದೆಯೊ ಅವರಲ್ಲಿ ಒಬ್ಬರಾದ ಕಾರ್ಲ್ ಹೆರ್ಕ್ಸ್‌ಹೈಮರ್ ಫ್ರಾಂಕ್‌ಫರ್ಟಿನ ಚರ್ಮವೈದ್ಯರು, ಯೆಹೂದಿ. ಎಂಬತ್ತು ದಾಟಿದ ಆ ಮುದುಕರನ್ನು ನಾಜಿಗಳು ಟೆರೀಜಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು. 1942ರಲ್ಲಿ ಅಲ್ಲೇ ತೀರಿಕೊಂಡರು.

ಸೈನ್ಯವನ್ನು ತಣಿಸುವ ಮದ್ದು ಬಂದದ್ದು ಯಾರೂ ಎದುರುನೋಡದ ಬಾಗಿಲಿನಿಂದ. ಅಮೆರಿಕದ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಕೀಲುವಾತದ ವೈದ್ಯ. 1929ರಲ್ಲಿ ಒಬ್ಬ ರೋಗಿ ತನಗೆ ಕಾಮಾಲೆಯಾದಾಗ ಕೀಲುನೋವು ಮಾಯವಾಗಿತ್ತೆಂದು ಹೇಳಿದ. ಗರ್ಭಿಣಿಯರಲ್ಲೂ ಹೀಗೆ ಆಗುವುದನ್ನು ಹೆಂಚ್ ಗಮನಿಸಿದ. ದೇಹದೊಳಗೇ ಯಾವುದೋ ಒಂದು ವಸ್ತು ಉರಿಯನ್ನು ಆರಿಸುತ್ತಿದೆ ಎಂದು ಊಹಿಸಿ, ಹತ್ತೊಂಬತ್ತು ವರ್ಷ ಅದರ ಬೆನ್ನುಹತ್ತಿದ. ಅದೇ ಸಂಸ್ಥೆಯ ಎಡ್ವರ್ಡ್ ಕೆಂಡಲ್ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಯ ಸಾರಗಳನ್ನು ಬೇರ್ಪಡಿಸುತ್ತಿದ್ದ. ಯುದ್ಧಕಾಲದಲ್ಲಿ ಜರ್ಮನ್ ವಿಮಾನಚಾಲಕರು ಈ ಗ್ರಂಥಿಯ ಸಾರವನ್ನು ಸೇವಿಸಿ ಬಹಳ ಎತ್ತರ ಹಾರುತ್ತಾರೆಂಬ ವದಂತಿ ಹಬ್ಬಿ, ಅಮೆರಿಕ ಸರ್ಕಾರ ಈ ಸಂಶೋಧನೆಗೆ ಒತ್ತು ಕೊಟ್ಟಿತು. ವದಂತಿ ಪೊಳ್ಳು, ಫಲ ನಿಜ. ಎತ್ತಿನ ಪಿತ್ತದಿಂದ, ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ, ಚೂರುಚೂರೇ ತಯಾರಾದ ಆ ವಸ್ತುವನ್ನು 1948ರ ಸೆಪ್ಟೆಂಬರ್ 21ರಂದು ಇಪ್ಪತ್ತೊಂಬತ್ತು ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದರು. ಹೊರಳಲೂ ಆಗದಿದ್ದಾಕೆ ಒಂದು ವಾರದಲ್ಲಿ ಪೇಟೆಗೆ ಹೋಗಿ ಸಾಮಾನು ಕೊಂಡುಬಂದಳು. ಕಾರ್ಟಿಸೋನ್ ಎಂದು ಹೆಸರಿಟ್ಟರು. 1950ರಲ್ಲಿ ಹೆಂಚ್, ಕೆಂಡಲ್, ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಹುಮಾನ ಸಂದಿತು.

ಕುಸ್ಮೌಲ್ ಕಂಡ ಧಮನಿರೋಗಕ್ಕೂ ಕೂಡಲೇ ಇದನ್ನು ಕೊಟ್ಟು ನೋಡಿದರು. ಜ್ವರ ಇಳಿಯಿತು, ರೋಗಿಗಳು ಎದ್ದು ಕೂತರು. ಆದರೆ ಅದೇ ಮೇಯೋ ಸಂಸ್ಥೆಯ ವೈದ್ಯರು ತೀರಿಕೊಂಡ ರೋಗಿಗಳ ಧಮನಿಗಳನ್ನು ಪರೀಕ್ಷಿಸಿ 1951ರಲ್ಲಿ ಪ್ರಕಟಿಸಿದ್ದು ಎದೆ ನಡುಗಿಸುವಂಥದು: ಉರಿಯೂತ ಆರಿತ್ತು, ಆರಿದ ಕಡೆ ಕಲೆಗಟ್ಟಿ ಆ ಕಲೆಯೇ ರಕ್ತದ ದಾರಿಯನ್ನು ಮುಚ್ಚಿತ್ತು. ತಮ್ಮ ಮನೆಯಲ್ಲೇ ಹುಟ್ಟಿದ ಮದ್ದಿನ ಬಗ್ಗೆ, ಅದರ ವಿಜಯೋತ್ಸವ ಮುಗಿಯುವ ಮುನ್ನ, ಹೀಗೆ ಬರೆದವರ ಪ್ರಾಮಾಣಿಕತೆಯನ್ನು ನಾನು ನೊಬೆಲ್ ಬಹುಮಾನಕ್ಕಿಂತ ಕಡಿಮೆಯೆಂದು ಎಣಿಸುವುದಿಲ್ಲ. ಮದ್ದು ಬೇಗ ಕೊಡಬೇಕು, ಕಲೆಗಟ್ಟುವಷ್ಟು ಹಾನಿಯಾಗುವ ಮೊದಲೇ ಕೊಡಬೇಕು ಎಂಬ ಆತುರಕ್ಕೆ ಮೂಲ ಇಲ್ಲಿದೆ. ಅಕ್ಕನ ಆತುರ ಅಶಾಸ್ತ್ರೀಯವಾಗಿರಲಿಲ್ಲ.

ಕಾರ್ಟಿಸೋನ್ ಒಂದೇ ಸಾಲದಾದಾಗ ನೆರವಿಗೆ ಬಂದದ್ದು ಯುದ್ಧದ ವಿಷ. 1917ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟ ಸಾಸಿವೆ ಅನಿಲ ಬಿಳಿ ರಕ್ತಕಣಗಳನ್ನು ನಾಶಮಾಡುತ್ತದೆಂದು ಮುಂದೆ ತಿಳಿಯಿತು. ಅದರ ಸಂಬಂಧಿಯಾದ ಸೈಕ್ಲೋಫಾಸ್ಫಮೈಡ್ 1958ರಲ್ಲಿ ಜರ್ಮನಿಯಲ್ಲಿ ಕ್ಯಾನ್ಸರಿನ ಮದ್ದಾಗಿ ಹುಟ್ಟಿತು. ಅಮೆರಿಕದ ಆಂಥನಿ ಫೌಚಿ, ಕೊರೋನಾ ಕಾಲದಲ್ಲಿ ದೂರದರ್ಶನದಲ್ಲಿ ದಿನವೂ ಕಾಣುತ್ತಿದ್ದ ಅದೇ ವೃದ್ಧರು, ತಮ್ಮ ಯೌವನದಲ್ಲಿ ಇದನ್ನು ಕಡಿಮೆ ಪ್ರಮಾಣದಲ್ಲಿ ಕಾರ್ಟಿಸೋನ್ ಜಾತಿಯ ಮದ್ದಿನೊಡನೆ ಧಮನಿಯ ಉರಿಯೂತಗಳಿಗೆ ಬಳಸಿದರು. ಸಾವು ಖಚಿತವೆನಿಸಿದ್ದ ಅಂಥ ಒಂದು ರೋಗದಲ್ಲಿ, 1983ರ ಅವರ ವರದಿಯಂತೆ, 85 ಜನರ ಪೈಕಿ ಶೇಕಡ 93ರಲ್ಲಿ ರೋಗ ಪೂರ್ತಿ ತಣಿಯಿತು. ಮೆದುಳು ಬೆನ್ನುಹುರಿಗಳ ಧಮನಿಗಳನ್ನೇ ಆರಿಸಿಕೊಂಡು ಬರುವ, ಹೊರಗಿನ ಶತ್ರುವಿಲ್ಲದ ಉರಿಯೂತವೊಂದನ್ನು 1959ರಲ್ಲಿ ಕ್ರವಿಯೊಟೊ ಮತ್ತು ಫೈಗಿನ್ ವರ್ಣಿಸಿದ್ದರು. ಅದಕ್ಕೂ ಈ ಜೋಡಿಮದ್ದು ಫಲಿಸೀತೆಂದು 1983ರಲ್ಲೇ ಫೌಚಿಯ ಬಳಗ ತೋರಿಸಿತು. ಬೆಲೆಯೂ ಇದ್ದಿತು: ಮೂತ್ರಕೋಶದ ಕ್ಯಾನ್ಸರು, ಬಂಜೆತನ. ಆದ್ದರಿಂದ ಈಚೆಗೆ ಅದನ್ನು ತಿಂಗಳುಗಳಿಗೆ ಮಾತ್ರ ಕೊಟ್ಟು, ಬಳಿಕ ಸೌಮ್ಯವಾದ ಮದ್ದಿಗೆ ಬದಲಾಯಿಸುತ್ತಾರೆ.

ಹೀಗೆ ಎರಡು ದಾರಿಗಳಾದವು. ಒಂದು, ಶತ್ರುವನ್ನು ಕೊಲ್ಲುವುದು. ಇನ್ನೊಂದು, ನಮ್ಮ ಸೈನ್ಯದ ಕೈ ಕಟ್ಟುವುದು. ಕಾಯಿಲೆಯ ಮುಖ ಎರಡರಲ್ಲೂ ಒಂದೇ: ಅದೇ ಸೊಂಟದ ಪಟ್ಟಿ, ಅದೇ ಬಿದ್ದ ಕಾಲು. ಶತ್ರು ಒಳಗಿರುವಾಗ ಸೈನ್ಯದ ಕೈ ಕಟ್ಟಿದರೆ ಕೋಟೆಯನ್ನೇ ಒಪ್ಪಿಸಿದಂತೆ.

ನಮ್ಮ ದೇಶದಲ್ಲಿ ಆ ಶತ್ರು ಹಲವೊಮ್ಮೆ ಕ್ಷಯ. ಮುಂಬಯಿಯ ನೊಶೀರ್ ವಾಡಿಯಾ ಮತ್ತು ದಾರಬ್ ದಸ್ತೂರ್ 1969ರಲ್ಲಿ, ಬೆನ್ನುಹುರಿಯ ಪೊರೆಗಳ ಉರಿಯೂತ ಹುರಿಯನ್ನೂ ನರಗಳ ಬೇರನ್ನೂ ಹಿಡಿಯುವ ಬಗೆಯನ್ನು ವಿಸ್ತಾರವಾಗಿ ಬರೆದರು. ಕಶೇರುವಿನ ಮೂಳೆ ಕೊಳೆತು ಗೂನು ಬರುವ ಬೆನ್ನುಕ್ಷಯ ನಮ್ಮ ಜನಕ್ಕೆ ಗೊತ್ತು; ಇದು ಬೇರೆ. ಇಲ್ಲಿ ಮೂಳೆ ನೆಟ್ಟಗಿರುತ್ತದೆ. ಪೊರೆಯ ಸುತ್ತ ಅಂಟಿನಂಥ ದ್ರವ ಮಡುಗಟ್ಟುತ್ತದೆ, ಅದರೊಳಗೆ ಹಾದುಹೋಗುವ ಧಮನಿಗಳ ಗೋಡೆ ಬಾತು ಮುಚ್ಚುತ್ತದೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್ ಬರುವವರೆಗೆ ಪೊರೆಯ ಕ್ಷಯವೆಂದರೆ ಹೆಚ್ಚುಕಡಿಮೆ ಸಾವೇ. ಬಂದಮೇಲೆ ರೋಗಾಣು ಸೋತಿತು, ಆದರೆ ಬಾತ ಧಮನಿಗಳು ಕಟ್ಟಿಹೋಗುವುದು ನಿಲ್ಲಲಿಲ್ಲ. ಆಗ ಎರಡು ದಾರಿಗಳನ್ನೂ ಕೂಡಿಸುವ ಯೋಚನೆ ಬಂತು: ಕ್ಷಯದ ಮದ್ದಿನ ಕಾವಲಿನಲ್ಲಿ ಸ್ಟೀರಾಯ್ಡ್. ಹಲವು ದಶಕ ವೈದ್ಯರು ಇದರ ಮೇಲೆ ಜಗಳವಾಡಿದರು. 2004ರಲ್ಲಿ ವಿಯೆಟ್ನಾಮಿನಲ್ಲಿ ಪೊರೆಯ ಕ್ಷಯದ 545 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಸ್ಟೀರಾಯ್ಡ್ ಸೇರಿಸಿದವರಲ್ಲಿ ಸಾವು ಕಡಿಮೆಯಾಗಿತ್ತು. ಬದುಕಿದವರ ಅಂಗವೈಕಲ್ಯ ಮಾತ್ರ ಕಡಿಮೆಯಾದದ್ದು ಕಾಣಲಿಲ್ಲ.

ಇಂದು ಎಂ.ಆರ್.ಐ. ಯಂತ್ರ ಹುರಿಯ ಚಿತ್ರವನ್ನು ಚೆನ್ನಾಗಿ ಬರೆದುಕೊಡುತ್ತದೆ. ಆದರೆ ಅಷ್ಟು ಸಣ್ಣ ಧಮನಿಯ ಗೋಡೆಯಲ್ಲಿ ಏನಾಗಿದೆಯೆಂದು ಹೇಳುವ ಶಕ್ತಿ ಅದಕ್ಕೂ ಬಹುವೇಳೆ ಇರುವುದಿಲ್ಲ. ಮೆದುಳಿನಿಂದ ಚೂರು ತೆಗೆದು ನೋಡಬಹುದು. ಕಿರುಬೆರಳಿನಷ್ಟು ದಪ್ಪದ ಹುರಿಯಿಂದ ತೆಗೆಯಲು ಯಾರೂ ಸುಲಭವಾಗಿ ಮನಸ್ಸು ಮಾಡುವುದಿಲ್ಲ. ಹೀಗಾಗಿ ವೈದ್ಯರು ಇಂದಿಗೂ ಕ್ವಿಂಕೆಯ ಸೂಜಿಯನ್ನೇ ಕೈಗೆತ್ತಿಕೊಳ್ಳುತ್ತಾರೆ.

ಆ ಸಂಜೆ ಭಾವನವರ ಬೆನ್ನಿನ ನೀರು ಬಂತು. ಸಸಾರಜನಕ ಬಹಳ, ಸಕ್ಕರೆ ಕಡಿಮೆ. ತಿಂಗಳಿನಿಂದ ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿತ್ತೆಂಬುದನ್ನು ಅಕ್ಕ ಆಗ ನೆನಪಿಸಿಕೊಂಡಳು. ಕ್ಷಯದ ನಾಲ್ಕು ಮದ್ದುಗಳನ್ನೂ ಸ್ಟೀರಾಯ್ಡನ್ನೂ ಅದೇ ರಾತ್ರಿ ಶುರುಮಾಡಿದರು. ಬೆಳಿಗ್ಗೆ ನಮ್ಮ ಮಾತು ಕೇಳಿ ಸ್ಟೀರಾಯ್ಡ್ ಒಂದನ್ನೇ ಕೊಟ್ಟು ಮನೆಗೆ ಕಳಿಸಿದ್ದರೆ ಮೊದಲ ವಾರ ನಾವು ಅವರನ್ನು ಕೊಂಡಾಡುತ್ತಿದ್ದೆವು.

ಭಾವ ಒಂದು ವರ್ಷ ಮಾತ್ರೆ ನುಂಗಿದರು. ಬಲಗಾಲು ಬಹುಮಟ್ಟಿಗೆ ಬಂದಿದೆ. ಎಡಗಾಲನ್ನು ಎಳೆದು ಹಾಕುತ್ತಾರೆ, ಕೈಯಲ್ಲಿ ಬೆತ್ತ. ಬಿಸಿನೀರು ಕಾಲಿಗೆ ಬಿದ್ದರೆ ತಿಳಿಯದಾದ್ದರಿಂದ ಅಕ್ಕ ಮೊದಲು ತನ್ನ ಕೈ ಅದ್ದಿ ನೋಡಿ ಸ್ನಾನಕ್ಕೆ ಬಿಡುತ್ತಾಳೆ. ಈ ಭಾಷಣಕ್ಕೆಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ ಪಕ್ಕದಲ್ಲೇ ಕೂತಿದ್ದ ಅವರಿಗೆ ಫ್ರೈಬುರ್ಗಿನ ದರ್ಜಿಯ ಕಥೆಯನ್ನು ಓದಿ ಹೇಳಿದೆ. ಹೆಂಚ್, ಫೌಚಿ ಮೊದಲಾದವರ ವಿಷಯದಲ್ಲಿ ಅವರು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಆ ಹುಡುಗನಿಗೆ ಎಷ್ಟು ವಯಸ್ಸು ಅಂದೆ?” ಎಂದರು. ಇಪ್ಪತ್ತೇಳು ಎಂದೆ.